‘ಲಕ್ಸುರಿ’ ಬೋರ್ಡು ನೋಡಿ ಮೆಟ್ಟಿಲು ಹತ್ತುವ ಮುನ್ನ

ಬಾಡಿಗೆ ಮನೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲದ ಪತ್ರಗಳೆಲ್ಲ ಕಲಬುರಗಿಯಿಂದ ಬಂದವು. ಬಹುಪಾಲು ಪತ್ರಗಳ ತಕರಾರು ಒಂದೇ ಪದದ ಮೇಲೆ.

ಪ್ರಶ್ನೆ: ಬೆಂಗಳೂರಿನಿಂದ ಇಲ್ಲಿಗೆ ವರ್ಗವಾಗಿದೆ. ಜೇವರ್ಗಿ ರಸ್ತೆ ಕಡೆ ಎರಡು ಫ್ಲಾಟ್ ನೋಡಿದೆವು. ಎರಡಕ್ಕೂ ‘ಲಕ್ಸುರಿ’ ಎಂದೇ ಬೋರ್ಡು. ಒಂದಕ್ಕೆ 17 ಸಾವಿರ ಬಾಡಿಗೆ, ಇನ್ನೊಂದಕ್ಕೆ 26 ಸಾವಿರ. ದುಬಾರಿಯದರಲ್ಲಿ ಇಟಾಲಿಯನ್ ಮಾರ್ಬಲ್, ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್ ಇವೆ. 9 ಸಾವಿರದ ಅಂತರಕ್ಕೆ ಇಷ್ಟು ಸಾಕೇ?
— ಬ್ಯಾಂಕ್ ಅಧಿಕಾರಿ

ಉತ್ತರ: ಸಾಲದು. ‘ಲಕ್ಸುರಿ’ಗೆ ಬಾಡಿಗೆ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ, ಬೋರ್ಡು ಬರೆಸಿದವರ ಬಾಯಿಗೆ ಬಂದದ್ದೇ ಅರ್ಥ. ನೀವು ಹೇಳಿದ ಮೂರೂ ಸೌಕರ್ಯಗಳು ಮಾಲೀಕರು ಒಂದೇ ಸಲ ದುಡ್ಡು ಹಾಕಿ ಕೈತೊಳೆದುಕೊಂಡಂಥವು. ನೀವು ಮಾತ್ರ ತಿಂಗಳು ತಿಂಗಳೂ 9 ಸಾವಿರ ಹೆಚ್ಚು ಎಣಿಸಬೇಕು. ಅಂದಮೇಲೆ ತಿಂಗಳು ತಿಂಗಳೂ ಸಿಗುವ ಸುಖ ಯಾವುದು ಎಂದು ಕೇಳುವುದು ನ್ಯಾಯ. ಬೇಸಿಗೆಯಲ್ಲಿ 42–44 ಡಿಗ್ರಿ ಕಾಣುವ ಊರು ಇದು. ಇಲ್ಲಿ ಆ ಸುಖ ಗೋಡೆ ಮತ್ತು ಮಾಳಿಗೆ ಬಿಸಿಲನ್ನು ಎಷ್ಟು ತಡೆಯುತ್ತವೆ, ನಳದಲ್ಲಿ ಎಂಥ ನೀರು ಎಷ್ಟು ರಭಸವಾಗಿ ಬರುತ್ತದೆ, ಕರೆಂಟು ಹೋದಾಗ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದರಲ್ಲಿದೆ. ಬೆಂಗಳೂರಿನಲ್ಲಿ ಮನೆ ನೋಡಿ ಅಭ್ಯಾಸವಾದವರು ಈ ಮೂರನ್ನೂ ಕೊನೆಗೆ ಕೇಳುತ್ತಾರೆ. ಇಲ್ಲಿ ಮೊದಲು ಕೇಳಬೇಕು.

ಬೆಳಗ್ಗೆ 11ಕ್ಕೆ ಹೋಗಿ ಮನೆ ನೋಡಬೇಡಿ. ಆಗ ಎಲ್ಲ ಫ್ಲಾಟೂ ತಂಪು. ರಾತ್ರಿ 8ರ ಹೊತ್ತಿಗೆ ಹೋಗಿ, ಮಲಗುವ ಕೋಣೆಯ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಮಧ್ಯಾಹ್ನ ಕುಡಿದ ಬಿಸಿಲನ್ನು ಕಾಂಕ್ರೀಟು ಒಳಗೆ ಬಿಡುವುದು ಆ ಹೊತ್ತಿನಲ್ಲೇ. ಕೈಗೆ ಬೆಚ್ಚಗೆ ಹತ್ತಿದರೆ ಆ ಕೋಣೆಯ ಎ.ಸಿ. ನಡುರಾತ್ರಿವರೆಗೆ ಗೋಡೆಯನ್ನೇ ತಣಿಸುತ್ತ ಕೂರುತ್ತದೆ. ಬಳಿಕ ಸ್ನಾನದ ಮನೆಯ ನಳ ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ಇಡಿ. ಒಂದು ನಿಮಿಷದೊಳಗೆ ತುಂಬಬೇಕು. ತುಂಬುತ್ತಿರುವಾಗಲೇ ಅಡುಗೆಮನೆಯ ನಳ ಬಿಡಿ; ಬಕೆಟ್‌ನ ಧಾರೆ ಸಣ್ಣಗಾದರೆ ಪೈಪು ಕಿರಿದು ಅಥವಾ ಒಳಗೆ ಸುಣ್ಣ ಕಟ್ಟಿದೆ. ಕೊನೆಗೆ ವಾಚ್‌ಮನ್‌ಗೆ ಹೇಳಿ ಮೇನ್ ಆಫ್ ಮಾಡಿಸಿ ಜನರೇಟರ್ ಹಾಕಿಸಿ. ‘ಇವತ್ತು ಡೀಸೆಲ್ ಇಲ್ಲ’ ಎಂಬ ಉತ್ತರ ಬಂದರೆ ಅದೂ ಒಂದು ಮಾಹಿತಿಯೇ.

ಮಾರ್ಬಲ್ ಇರುವ ಮನೆ ಹಿಡಿದರೆ ಒಂದು ಎಚ್ಚರ. ಅದು ಸುಣ್ಣದ ಕಲ್ಲಿನ ಜಾತಿ. ನಿಂಬೆ, ಹುಣಸೆಹುಳಿ, ಸಂಡಾಸು ತೊಳೆಯುವ ಆ್ಯಸಿಡ್ ಬಿದ್ದರೆ ಹೊಳಪು ತಿಂದುಹೋಗುತ್ತದೆ. ಒರೆಸಿದರೆ ಹೋಗದು, ಮತ್ತೆ ಪಾಲಿಶ್ ಹಾಕಿಸಬೇಕು. ಆ ಖರ್ಚು ನಿಮ್ಮ ಡಿಪಾಜಿಟ್‌ನಿಂದಲೇ ಹೋಗುತ್ತದೆ. ನಮ್ಮ ಶಹಾಬಾದಿ ಫರಸಿಯೂ ಸುಣ್ಣದ ಕಲ್ಲೇ, ಆದರೆ ಅದರ ಮೈ ಒರಟಾದ್ದರಿಂದ ಕಲೆ ಅಷ್ಟಾಗಿ ಎದ್ದು ಕಾಣುವುದಿಲ್ಲ. ಬೇಸಿಗೆ ರಾತ್ರಿ ಚಾಪೆ ಹಾಸಿ ಮಲಗಲು ಎರಡರಲ್ಲಿ ಯಾವುದಾದರೂ ಸರಿ.

ಪ್ರಶ್ನೆ: ‘ಫುಲ್ ಬ್ಯಾಕಪ್’ ಎಂದು ಹೇಳಿ ಮನೆ ಕೊಟ್ಟರು. ಜನರೇಟರ್ ನಡೆಯುವಾಗ ಎ.ಸಿ. ಹಾಕಿದ ಕೂಡಲೇ ಇಡೀ ಮನೆ ಕತ್ತಲು. ಎಲೆಕ್ಟ್ರಿಷಿಯನ್ ಬಂದು ‘ವೈರಿಂಗ್ ಬರಾಬರ್ ಅದ’ ಅಂದು ಹೋದ. ದೋಷ ಎಲ್ಲಿದೆ?
— ವಕೀಲರು, ಸೇಡಂ ರಸ್ತೆ

ಉತ್ತರ: ಎಲೆಕ್ಟ್ರಿಷಿಯನ್ ಹೇಳಿದ್ದು ಬಹುಶಃ ನಿಜ. ಮೀಟರ್ ಬೋರ್ಡಿನ ಹತ್ತಿರ ನಿಮ್ಮ ಫ್ಲಾಟಿನ ಹೆಸರಿಗೊಂದು ಸಣ್ಣ ಡಬ್ಬಿ ಇರುತ್ತದೆ, ಲೋಡ್ ಲಿಮಿಟರ್ ಎನ್ನುತ್ತಾರೆ. ಜನರೇಟರ್ ಮೇಲೆ ಇರುವಾಗ ನಿಗದಿತ ಆ್ಯಂಪಿಯರ್ ದಾಟಿದರೆ ಅದು ಸಂಪರ್ಕ ಕಡಿಯುತ್ತದೆ. ಅದರ ಮೇಲೆ 4 ಆ್ಯಂಪಿಯರ್ ಎಂದಿದ್ದರೆ ನಿಮ್ಮ ಪಾಲು 230 ವೋಲ್ಟ್ ಲೆಕ್ಕದಲ್ಲಿ ಸುಮಾರು 900 ವಾಟ್. ಒಂದೂವರೆ ಟನ್ನಿನ ಎ.ಸಿ.ಗೆ ಕಡು ಬಿಸಿಲಲ್ಲಿ ಸುಮಾರು 1,500 ವಾಟ್ ಬೇಕು. ಕತ್ತಲಾಗದೆ ಇನ್ನೇನು?

ಕಟ್ಟಡದ ಲೆಕ್ಕ ಹೀಗೆ ಹಾಕಿ. ಜನರೇಟರ್ ಮೈಮೇಲಿನ ಫಲಕದಲ್ಲಿ ಅದರ ಸಾಮರ್ಥ್ಯವನ್ನು ಕೆ.ವಿ.ಎ. ಲೆಕ್ಕದಲ್ಲಿ ಬರೆದಿರುತ್ತದೆ. ಅದನ್ನು 0.8ರಿಂದ ಗುಣಿಸಿದರೆ ಕಿಲೋವ್ಯಾಟ್. 62.5 ಕೆ.ವಿ.ಎ. ಯಂತ್ರವಾದರೆ 50 ಕಿಲೋವ್ಯಾಟ್. ಲಿಫ್ಟು, ನೀರಿನ ಮೋಟಾರು, ಮೆಟ್ಟಿಲ ದೀಪಗಳಿಗೆ 12 ತೆಗೆಯಿರಿ, 38 ಉಳಿಯಿತು. 24 ಫ್ಲಾಟಿಗೆ ಹಂಚಿದರೆ ತಲಾ 1.6 ಕಿಲೋವ್ಯಾಟ್ ಕೂಡ ಇಲ್ಲ. ಎ.ಸಿ. ಒಂದೇ ಅಷ್ಟು ತಿಂದರೆ ಫ್ರಿಜ್ಜು, ಫ್ಯಾನು ಎಲ್ಲಿಂದ ನಡೆಯಬೇಕು? 2 ಕಿಲೋವ್ಯಾಟಿನ ಗೀಸರ್ ಮಾತಂತೂ ದೂರ. ನಿಜವಾದ ಪೂರ್ಣ ಬ್ಯಾಕಪ್ ಬೇಕಿದ್ದರೆ ಫ್ಲಾಟಿಗೆ ಕನಿಷ್ಠ 4–5 ಕಿಲೋವ್ಯಾಟ್ ಸಿಗಬೇಕು. ಎಲ್ಲರೂ ಒಟ್ಟಿಗೆ ಎಲ್ಲವನ್ನೂ ಹಾಕುವುದಿಲ್ಲ ಎಂಬ ವಿನಾಯಿತಿ ಕೊಟ್ಟರೂ 62.5ರ ಯಂತ್ರಕ್ಕೆ 24 ಮನೆ ಹೆಚ್ಚೇ. ಮೇ ತಿಂಗಳ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಹಾಕುವುದು ಎ.ಸಿ.ಯನ್ನೇ.

ಆದ್ದರಿಂದ ಕರಾರಿನಲ್ಲಿ ‘ಫುಲ್ ಬ್ಯಾಕಪ್’ ಎಂಬ ಪದ ಹೊಡೆದುಹಾಕಿ ಕಿಲೋವ್ಯಾಟ್ ಬರೆಸಿ, ಯೂನಿಟ್ ದರವನ್ನೂ ಬರೆಸಿ. ಒಂದು ಲೀಟರ್ ಡೀಸೆಲ್‌ಗೆ ಸುಮಾರು ಮೂರೂವರೆ ಯೂನಿಟ್ ಕರೆಂಟು ಬರುತ್ತದೆ. ಲೀಟರ್‌ಗೆ 90 ರೂಪಾಯಿ ಹಿಡಿದರೆ ಯೂನಿಟ್‌ಗೆ 25 ರೂಪಾಯಿ ದಾಟಿತು. ಯಂತ್ರದ ನಿರ್ವಹಣೆ ಬೇರೆ. ‘ಬ್ಯಾಕಪ್ ಫ್ರೀ’ ಎನ್ನುವವರು ಒಂದೋ ಅದನ್ನು ಮೇಂಟೆನೆನ್ಸ್‌ನಲ್ಲಿ ಸೇರಿಸಿದ್ದಾರೆ, ಇಲ್ಲವೇ ಜನರೇಟರ್ ಹಾಕುವುದೇ ಕಡಿಮೆ.

ಎ.ಸಿ. ಬಿಟ್ಟು ಉಳಿದದ್ದಕ್ಕೆ ಸ್ವಂತ ಇನ್ವರ್ಟರ್ ಸಾಕು. 150 ಆ್ಯಂಪಿಯರ್–ಅವರ್ ಬ್ಯಾಟರಿಯಿಂದ ಬಳಕೆಗೆ ಸಿಗುವುದು ಸುಮಾರು 1,200 ವಾಟ್–ಅವರ್. 75 ವಾಟಿನ ಹಳೆಯ ಫ್ಯಾನು ಮೂರು, ನಾಲ್ಕು ದೀಪ, ವೈ–ಫೈ ಇಟ್ಟರೆ ನಾಲ್ಕು ಗಂಟೆ. ಅವೇ ಮೂರು ಫ್ಯಾನು 30 ವಾಟಿನ ಬಿ.ಎಲ್.ಡಿ.ಸಿ. (ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟಾರಿನವು) ಆದರೆ ಎಂಟು ಗಂಟೆ. ಬ್ಯಾಟರಿಯನ್ನು ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಡಬೇಡಿ, ಶಾಖಕ್ಕೆ ಅದರ ಆಯುಷ್ಯ ಕುಗ್ಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆರ್.ಓ. ನೀರು ನಡೆಯದು.

ಪ್ರಶ್ನೆ: ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆಯೇ?
— ಗೃಹಿಣಿ, ಬ್ರಹ್ಮಪುರ

ಉತ್ತರ: ಸಿಗುತ್ತದೆ. ಮೀಟರಿನ ಆರ್.ಆರ್. ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಬೇಕು. ಒಬ್ಬರಿಗೆ ಒಂದೇ ಮೀಟರ್. ಹಿಂದೆ ಇದ್ದವರ ಆಧಾರ್ ಅಲ್ಲೇ ಉಳಿದಿದ್ದರೆ ಮೊದಲು ಅದನ್ನು ತೆಗೆಸಿ. ಎರಡು ಎ.ಸಿ. ಇರುವ ಮನೆಗೆ ಮಾತ್ರ ಇದರ ಆಸೆ ಬೇಸಿಗೆಯಲ್ಲಿ ಬೇಡ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮತ್ತು ರಾತ್ರಿ ಎಂಟು ಗಂಟೆ ನಡೆಯುವ ಒಂದೇ ಎ.ಸಿ. ತಿಂಗಳಿಗೆ 250–300 ಯೂನಿಟ್ ಮುಗಿಸುತ್ತದೆ.

ಪ್ರಶ್ನೆ: ಐದನೆಯ, ಅಂದರೆ ಕಟ್ಟಕಡೆಯ ಮಹಡಿಯ ‘ಪೆಂಟ್‌ಹೌಸ್’ ಒಳ್ಳೆಯ ಬೆಲೆಗೆ ಬರುತ್ತಿದೆ. ಸುತ್ತ ಗಾಜು, ಎದುರಿಗೆ ದೊಡ್ಡ ಟೆರೇಸು, ಸ್ನಾನದ ಮನೆಯಲ್ಲಿ ರೇನ್ ಶವರ್. ಹಿಡಿಯಬಹುದೇ?
— ವೈದ್ಯ ದಂಪತಿ

ಉತ್ತರ: ಬೆಲೆ ಯಾಕೆ ‘ಒಳ್ಳೆಯದು’ ಎಂಬುದನ್ನು ಮೊದಲು ನೋಡೋಣ. ಶವರಿನಿಂದಲೇ ಶುರು. ನೀರು 10 ಮೀಟರ್ ಮೇಲಿನಿಂದ ಇಳಿದರೆ ಒಂದು ಬಾರ್ ಒತ್ತಡ ಬರುತ್ತದೆ. ನಿಮ್ಮ ನೀರಿನ ಟಾಕಿ ಮಾಳಿಗೆಯಿಂದ ಎರಡು ಮೀಟರ್ ಎತ್ತರದ ಕಟ್ಟೆಯ ಮೇಲಿದ್ದರೂ ಟಾಕಿಯ ತಳದಿಂದ ಶವರಿನ ತಲೆಗೆ ಇರುವ ಅಂತರ ಮೂರೇ ಮೀಟರ್. ಅಂದರೆ 0.3 ಬಾರ್. ಅಗಲ ತಲೆಯ ರೇನ್ ಶವರ್ ಚೆನ್ನಾಗಿ ಸುರಿಯಲು ಬಹುತೇಕ ಒಂದು ಬಾರ್ ಬೇಕು. ಇದೇ ಕಟ್ಟಡದ ಒಂದನೆಯ ಮಹಡಿಯಲ್ಲಿ ಸುಮಾರು ಒಂದೂವರೆ ಬಾರ್ ಇರುತ್ತದೆ. ಹೀಗಾಗಿ ಅತಿ ಹೆಚ್ಚು ಬಾಡಿಗೆ ಕೊಡುವವರ ಸ್ನಾನವೇ ಅತಿ ನಿಧಾನ! ಪರಿಹಾರ ಇದೆ: ಟಾಕಿಯ ಹೊರಪೈಪಿಗೆ ಅರ್ಧ ಎಚ್.ಪಿ.ಯ ಪ್ರೆಶರ್ ಪಂಪ್. ಅದು ಮಾಲೀಕರ ಖರ್ಚು. ಬ್ಯಾಕಪ್ ಲೈನಿಗೆ ಅದನ್ನು ಜೋಡಿಸಿದ್ದಾರೆಯೇ ಎಂದೂ ನೋಡಿ. ಪೈಪು ಹಳೆಯದಾಗಿದ್ದರೆ ಪಂಪ್ ಹಾಕಿದ ವಾರದೊಳಗೆ ಸಂದಿಗಳಲ್ಲಿ ಜಿನುಗು ಶುರುವಾಗುತ್ತದೆ.

ಇನ್ನು ಬಿಸಿಲು. ಮಾಳಿಗೆಯ ಸ್ಲ್ಯಾಬು ನೇರ ನಿಮ್ಮ ತಲೆಯ ಮೇಲೆ. ಅದರ ಮೇಲೆ ಬಿಳಿ ಹೆಂಚಿನ ಚೂರು ಅಥವಾ ಬಿಸಿಲು ಹಿಂದಕ್ಕೆ ತಳ್ಳುವ ಬಿಳಿ ಬಣ್ಣ ಹಾಕಿರಬೇಕು. ಬಣ್ಣವಾದರೆ ಫೆಬ್ರುವರಿಯಲ್ಲಿ ತೊಳೆಯಲೇಬೇಕು. ನಮ್ಮ ಎರೆ ಮಣ್ಣಿನ ಧೂಳು ಕೂತು ಬಿಳಿ ಹೋಗಿ ಬೂದಿಯಾದ ಮೇಲೆ ಅದಕ್ಕೆ ಕೆಲಸವಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬಳಿಯಬೇಕು. ಯಾರು ಬಳಿಸುತ್ತಾರೆ ಎಂಬುದು ಕರಾರಿನಲ್ಲಿರಲಿ. ಫಾಲ್ಸ್ ಸೀಲಿಂಗ್ ಶಾಖ ತಡೆಯುತ್ತದೆ ಎಂದು ಹೇಳಿದರೆ ಅರ್ಧ ಮಾತ್ರ ನಂಬಿ. ಅದರ ಮೇಲೆ ಹೊದಿಕೆ ಇಲ್ಲದಿದ್ದರೆ ಸ್ಲ್ಯಾಬಿನ ಬಿಸಿ ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ.

ಗಾಜಿನ ಗೋಡೆ ಪಡುವಣಕ್ಕಿದ್ದರೆ ಪರದೆ ಹಾಕಿ ಪ್ರಯೋಜನ ಕಡಿಮೆ, ಬಿಸಿಲು ಆಗಲೇ ಒಳಗೆ ಬಂದಾಗಿರುತ್ತದೆ. ನೆರಳು ಗಾಜಿನ ಹೊರಗೆ ಬೀಳಬೇಕು. ಸಜ್ಜಾ, ಬಿದಿರಿನ ತಟ್ಟಿ, ಹಸಿರು ಬಲೆ ಯಾವುದಾದರೂ ಆದೀತು. ಸಾಮಾನ್ಯ ಮಹಡಿಯಲ್ಲಿ 120 ಚದರ ಅಡಿಯ ಕೋಣೆಗೆ ಒಂದು ಟನ್ನಿನ ಎ.ಸಿ. ನಡೆದೀತು, ನಿಮ್ಮದರಲ್ಲಿ ಒಂದೂವರೆ ಹಿಡಿಯಿರಿ. ಹೊರಗಿನ ಯೂನಿಟ್ ಎಲ್ಲಿ ಇಡಿಸುತ್ತಾರೆ ಕೇಳಿ. ಮುಂಭಾಗ ಚೆಂದ ಕಾಣಲೆಂದು ಮೂರೂ ಯೂನಿಟನ್ನು ಇಕ್ಕಟ್ಟಾದ ಡಕ್ಟಿನಲ್ಲಿ ತುರುಕಿದ ಕಟ್ಟಡಗಳಿವೆ. ಅಲ್ಲಿ ಒಂದು ಉಗುಳಿದ ಬಿಸಿಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಮೂರಕ್ಕೆ ಎಲ್ಲವೂ ಒಟ್ಟಿಗೆ ಟ್ರಿಪ್ ಆದರೆ ಮೆಕ್ಯಾನಿಕ್ ಗ್ಯಾಸ್ ತುಂಬಿ ಹೋಗುತ್ತಾನೆ, ತಪ್ಪು ಗ್ಯಾಸಿನದ್ದಲ್ಲ.

ಕರಿ ಟಾಕಿ ಬಿಸಿಲಿಗೆ ಬಿದ್ದಿದ್ದರೆ ಮಧ್ಯಾಹ್ನ ತಣ್ಣೀರಿನ ನಳದಲ್ಲಿ ಸುಡುನೀರು ಬರುತ್ತದೆ. ಬಿಳಿ ಟಾಕಿ, ಮೇಲೊಂದು ತಗಡಿನ ನೆರಳು, ಪೈಪಿಗೆ ಹೊದಿಕೆ ಕೇಳಿ. ಇದೆಲ್ಲಕ್ಕೂ ಮಾಲೀಕರು ಒಪ್ಪಿದರೆ ಹಿಡಿಯಿರಿ. ಒಪ್ಪದಿದ್ದರೆ ಅದೇ ಕಟ್ಟಡದ ಎರಡನೆಯ ಅಥವಾ ಮೂರನೆಯ ಮಹಡಿ, ಮೂಡಣ ಇಲ್ಲವೇ ಬಡಗಣ ಮುಖದ್ದು ನಿಜವಾದ ಐಷಾರಾಮಿ.

ಇನ್ನೊಂದು ಮಾತು. ಇಲ್ಲಿಯ ಒಣ ಬಿಸಿಲಿಗೆ ಡೆಸರ್ಟ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, 200 ವಾಟಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಇನ್ವರ್ಟರ್ ಮೇಲೂ ನಡೆಯುತ್ತದೆ. ಆದರೆ ಒಂದು ಕಿಟಕಿಯಿಂದ ಹೊರಗಾಳಿ ಬಂದು ಇನ್ನೊಂದರಿಂದ ಹೋಗಬೇಕು. ಪೂರ್ತಿ ತೆರೆಯದ ಗಾಜಿನ ಮನೆಯಲ್ಲಿ ಕೂಲರ್ ಇಟ್ಟರೆ ಸೆಕೆ, ಬೂಷ್ಟು ಎರಡೂ ಸೇರುತ್ತವೆ.

ಪ್ರಶ್ನೆ: ದುಬಾರಿ ಫಿಟಿಂಗ್ಸ್ ಇರುವ ಮನೆ. ಆರು ತಿಂಗಳಲ್ಲಿ ನಳಗಳೆಲ್ಲ ಬೆಳ್ಳಗಾದವು, ಗೀಸರ್ ಕಾಯಿಲ್ ಎರಡು ಸಲ ಸುಟ್ಟಿತು. ಕೆಟ್ಟ ಮಾಲು ಹಾಕಿದ್ದಾರೆಯೇ?
— ಶಿಕ್ಷಕಿ, ಕುಸನೂರ ರಸ್ತೆ

ಉತ್ತರ: ಮಾಲಿಗಿಂತ ನೀರನ್ನು ಅನುಮಾನಿಸಿ. ಊರಿನ ನಳದ ನೀರು ಭೀಮಾ ನದಿ ಮತ್ತು ಬೆಣ್ಣೆತೊರೆಯಿಂದ ಬರುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಅದರ ಜೊತೆಗೆ ಬೋರಿನ ಗಡಸು ನೀರನ್ನು ಒಂದೇ ಹೌದಿಗೆ (ನೆಲದೊಳಗಿನ ನೀರಿನ ತೊಟ್ಟಿಗೆ) ಬಿಡುತ್ತಾರೆ. ನೀರು ಕಾದಾಗ ಅದರೊಳಗಿನ ಸುಣ್ಣ ಕಾಯಿಲಿಗೆ ಹತ್ತುತ್ತದೆ, ಶಾಖ ನೀರಿಗೆ ಹೋಗಲಾರದೆ ಕಾಯಿಲ್ ತಾನೇ ಸುಡುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆದೀತು. ಟಿ.ಡಿ.ಎಸ್.ಗೆ, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಲವಣಾಂಶಕ್ಕೆ, ಈ ಮಿತಿಗಳು 500 ಮತ್ತು 2,000.

ಟಿ.ಡಿ.ಎಸ್. ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆ ನೋಡಲು ಹೋಗುವಾಗಲೇ ಜೇಬಿನಲ್ಲಿರಲಿ. ಅಡುಗೆಮನೆಯ ನಳ, ಸ್ನಾನದ ಮನೆಯ ನಳ ಎರಡರಲ್ಲೂ ಅಳೆಯಿರಿ. ಎರಡೂ ಅಂಕಿ ಬೇರೆ ಬಂದರೆ ಒಳ್ಳೆಯ ಲಕ್ಷಣ: ಅಡುಗೆಗೆ ನಳದ ನೀರು, ಬಳಕೆಗೆ ಬೋರು ಎಂದು ಪೈಪು ಬೇರೆ ಮಾಡಿದ್ದಾರೆ. ಕಟ್ಟಡಕ್ಕೆ ಸಾಫ್ಟನರ್ ಇದೆ ಎಂದರೆ ಅದರ ಪಕ್ಕ ಉಪ್ಪಿನ ಚೀಲ ಇದೆಯೇ ನೋಡಿ. ಉಪ್ಪಿನ ನೀರಿನಿಂದ ಆಗಾಗ ತೊಳೆಯದಿದ್ದರೆ ಅದು ಬರೀ ಡ್ರಮ್ಮು. ಸರಿಯಾಗಿ ನಡೆಯುವ ಸಾಫ್ಟನರ್ ಗಡಸುತನ ಇಳಿಸುತ್ತದೆ, ಟಿ.ಡಿ.ಎಸ್. ಇಳಿಸುವುದಿಲ್ಲ, ಮೀಟರಿನ ಅಂಕಿ ಹಾಗೇ ಇದೆ ಎಂದು ಜಗಳಕ್ಕೆ ಹೋಗಬೇಡಿ. ನಿಮ್ಮ ಗೀಸರ್ ಬಿಚ್ಚಿಸಿ ಸುಣ್ಣ ತೆಗೆಸಿ, ಒಳಗಿನ ಆ್ಯನೋಡ್ ಕಡ್ಡಿ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಕಡ್ಡಿ) ಸವೆದಿದ್ದರೆ ಬದಲಿಸಿ, ವರ್ಷಕ್ಕೊಮ್ಮೆ ಇದನ್ನೇ ಮಾಡಿಸಿ. ಶವರಿನ ತಲೆಯನ್ನು ಬಿಳಿ ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿದರೆ ತೂತು ಬಿಡುತ್ತವೆ.

ನೀರಿನ ಪ್ರಮಾಣವನ್ನೂ ಕೇಳಿ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳ ಮಾನದಂಡ. ನಾಲ್ಕು ಜನರ ಮನೆಗೆ 540, ಅಂಥ 24 ಮನೆಗೆ ಸುಮಾರು 13 ಸಾವಿರ ಲೀಟರ್. ನೆಲದೊಳಗಿನ ಹೌದು 26 ಸಾವಿರ ಲೀಟರಿನದಾದರೆ ನಳ ಎರಡು ದಿನ ಬಾರದಿದ್ದರೂ ಚಿಂತೆ ಇಲ್ಲ. ಹತ್ತು ಸಾವಿರದ್ದಾದರೆ ಟ್ಯಾಂಕರ್ ಖರ್ಚು ಯಾರ ತಲೆಗೆ ಎಂದು ಮೊದಲೇ ಬರೆಸಿ.

ಪ್ರಶ್ನೆ: 1,650 ಚದರ ಅಡಿ ಅಂದರು. ನಮ್ಮ ಮಂಚ ಕೋಣೆಯೊಳಗೆ ಹಿಡಿಯುತ್ತಿಲ್ಲ!
— ನಿವೃತ್ತ ನೌಕರರು

ಉತ್ತರ: ಅವರು ಹೇಳಿದ್ದು ಸೂಪರ್ ಬಿಲ್ಟ್–ಅಪ್. ಲಿಫ್ಟು, ಮೆಟ್ಟಿಲು, ಪಡಸಾಲೆಯ ಪಾಲೂ ಅದರಲ್ಲಿದೆ. ಶೇ 30ರಷ್ಟು ಹೀಗೆ ಸೇರಿಸಿದ್ದರೆ 1,650ನ್ನು 1.3ರಿಂದ ಭಾಗಿಸಿ, ಓಡಾಡಲು ಉಳಿದದ್ದು 1,270ರ ಆಸುಪಾಸು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (2016) ಹೇಳುವ ಕಾರ್ಪೆಟ್ ಏರಿಯಾದಲ್ಲಿ ಒಳಗಿನ ಅಡ್ಡಗೋಡೆ ಸೇರುತ್ತದೆ; ಹೊರಗೋಡೆ, ಬಾಲ್ಕನಿ, ಡಕ್ಟು ಸೇರುವುದಿಲ್ಲ. ಆ ಅಂಕಿಯನ್ನೇ ಕೇಳಿ. ಅದಕ್ಕಿಂತ ಟೇಪು ಹಿಡಿದು ಕೋಣೆ ಅಳೆಯುವುದು ಮೇಲು. 10×11 ಅಡಿ ಕೋಣೆಯಲ್ಲಿ ಆರು ಅಡಿ ಅಗಲದ, ಆರೂವರೆ ಅಡಿ ಉದ್ದದ ಮಂಚ, ಎರಡು ಅಡಿಯ ವಾರ್ಡ್‌ರೋಬ್ ಇಟ್ಟರೆ ನಡುವೆ ಉಳಿಯುವುದು ಎರಡೂವರೆ ಅಡಿ. ವಾರ್ಡ್‌ರೋಬ್ ಬಾಗಿಲು ತೆರೆದರೆ ಅದೂ ಇಲ್ಲ.

ಪ್ರಶ್ನೆ: ನನ್ನ ಎರಡು ಬೆಡ್‌ರೂಮಿನ ಮನೆಗೆ ಹೆಚ್ಚು ಬಾಡಿಗೆ ಬರಲೆಂದು ಎರಡು ಲಕ್ಷ ಹಾಕಬೇಕೆಂದಿದ್ದೇನೆ. ನೆಲಕ್ಕೆ ಮಾರ್ಬಲ್ ಹಾಕಿಸಲೇ?
— ಮನೆ ಮಾಲೀಕರು, ಶಹಾಬಜಾರ

ಉತ್ತರ: ಬೇಡ. ಗಟ್ಟಿಯಾದ ನೆಲ ಕಿತ್ತು ಹಣ ಹಾಳು ಮಾಡಬೇಡಿ. ಮೊದಲು ವೈರಿಂಗ್: ಪ್ರತಿ ಎ.ಸಿ.ಗೆ ಬೋರ್ಡಿನಿಂದ ನೇರ 4 ಚದರ ಮಿಲಿಮೀಟರ್ ತಾಮ್ರದ ತಂತಿ, ತನ್ನದೇ ಎಂ.ಸಿ.ಬಿ. (ಲೋಡ್ ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು); ಇಡೀ ಮನೆಗೆ ಕರೆಂಟು ಸೋರಿದರೆ ಕಡಿಯುವ 30 ಮಿಲಿ ಆ್ಯಂಪಿಯರ್‌ನ ಆರ್.ಸಿ.ಸಿ.ಬಿ. ಅರ್ಥಿಂಗ್ ಗುಂಡಿ ಪರೀಕ್ಷಿಸಿ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಬಿರಿದು ಕಂಬಿಯಿಂದ ದೂರ ಸರಿಯುತ್ತದೆ, ಆಗ ಅರ್ಥಿಂಗ್ ಹೆಸರಿಗೆ ಮಾತ್ರ. ಆಮೇಲೆ ಮಾಳಿಗೆಗೆ ಬಿಳಿ ಲೇಪ, ಪ್ರೆಶರ್ ಪಂಪ್, ಎಲ್ಲ ಕಿಟಕಿಗೆ ಸೊಳ್ಳೆ ಜಾಳಿಗೆ, ಅಡುಗೆಮನೆಗೆ ನಳದ ನೀರಿನ ಬೇರೆ ಪೈಪು. ಹಣ ಉಳಿದರೆ ಬಣ್ಣ.

ಹೌದನ್ನು ಮರೆಯಬೇಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವಾಗ ಹೌದಿನ ಗೋಡೆ ಸೀಳುತ್ತದೆ, ಪಕ್ಕದಲ್ಲಿ ಚರಂಡಿ ಪೈಪಿದ್ದರೆ ಕೊಳಕು ಒಳಗೆ ಬರುತ್ತದೆ. ರಾತ್ರಿ ಎಲ್ಲ ವಾಲ್ವ್ ಮುಚ್ಚಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೂ ಏರಿದ್ದರೂ ರಿಪೇರಿ ಬೇಕು.

ಪ್ರಶ್ನೆ: ಜಿಮ್, ಈಜುಕೊಳ, ಕ್ಲಬ್‌ಹೌಸ್ ಇರುವ ಕಡೆ ಮೇಂಟೆನೆನ್ಸ್ ಪ್ರತ್ಯೇಕ ಕೇಳುತ್ತಿದ್ದಾರೆ. ಕೊಡಬೇಕೇ? ಡಿಪಾಜಿಟ್ ಎಷ್ಟು ಸರಿ?
— ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಕರಾರಿನಲ್ಲಿ ಹೇಗಿದೆಯೋ ಹಾಗೆ. ಬಾಡಿಗೆ, ಮೇಂಟೆನೆನ್ಸ್, ಡೀಸೆಲ್, ಟ್ಯಾಂಕರ್ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಪೇಂಟಿಂಗ್, ಲಿಫ್ಟ್ ಮೋಟಾರಿನಂಥ ದೊಡ್ಡ ರಿಪೇರಿ ಮಾಲೀಕರ ಪಾಲಿಗೆ ಬರಲಿ. ಈಜುಕೊಳದ ಬಗ್ಗೆ ನಮಗೆ ಅಷ್ಟು ಮೋಹವಿಲ್ಲ. ಏಪ್ರಿಲ್‌ನಲ್ಲಿ ನೀರಿಗೆ ತತ್ವಾರ ಬಂದಾಗ ಮೊದಲು ಖಾಲಿಯಾಗುವುದು ಅದೇ, ಶುಲ್ಕ ಮಾತ್ರ ಹನ್ನೆರಡು ತಿಂಗಳು.

ಡಿಪಾಜಿಟ್‌ಗೆ ವಾಸದ ಮನೆಯಾದರೆ ಎರಡು ತಿಂಗಳ ಬಾಡಿಗೆಯ ಮಿತಿ ಎಂದು 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಮಾದರಿ ಕಾಯ್ದೆ ರಾಜ್ಯ ತನ್ನದಾಗಿಸಿಕೊಂಡಾಗ ಮಾತ್ರ ಕಟ್ಟುಪಾಡು. ಮಾತುಕತೆಯಲ್ಲಿ ಅದನ್ನು ಎತ್ತಲು ಅಡ್ಡಿಯಿಲ್ಲ. 11 ತಿಂಗಳ ಕರಾರು ಯಾಕೆಂದರೆ ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ. ಎಲ್ಲ ಸಾಮಾನು ಇರುವ ಮನೆಯಾದರೆ ಬೀಗದ ಕೈ ತೆಗೆದುಕೊಂಡ ದಿನವೇ ಎ.ಸಿ., ಚಿಮಣಿ, ಗೀಸರ್ ನಡೆಯುವ ವಿಡಿಯೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ. ಗೋಡೆಯ ಬಿರುಕು, ನೆಲದ ಕಲೆ ಇದ್ದರೆ ಅದನ್ನೂ. ಬಳಸಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ, ಮುರಿದದ್ದಕ್ಕೆ ಹೊಣೆ. ಯಾವುದು ಯಾವುದು ಎಂದು ತೀರ್ಮಾನಿಸಲು ಮೊದಲ ದಿನದ ಆ ವಿಡಿಯೊ ಬೇಕಾಗುತ್ತದೆ.

ಪ್ರಶ್ನೆ: ಅವ್ವ ಗಾಲಿಕುರ್ಚಿಯಲ್ಲಿದ್ದಾರೆ. ಲಿಫ್ಟ್ ಹೇಗಿರಬೇಕು?
— ಓದುಗರು, ಆಳಂದ ರಸ್ತೆ

ಉತ್ತರ: ಲಿಫ್ಟಿನ ಬಾಗಿಲು 80 ಸೆಂ.ಮೀ. ತೆರೆಯಬೇಕು, ಎಂಟು ಜನರ (544 ಕಿಲೋ) ಲಿಫ್ಟಾದರೆ ನೆಮ್ಮದಿ. ಆರು ಜನರದ್ದು ಬೇಡ. ಸ್ಟ್ರೆಚರ್ ಹೋಗಬೇಕಾದರೆ 13 ಜನರದ್ದು ಬೇಕು, ಇಂಥದ್ದು ಕಡಿಮೆ ಕಟ್ಟಡಗಳಲ್ಲಿದೆ. ಕರೆಂಟು ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎ.ಆರ್.ಡಿ. ಸಾಧನ ಇದೆಯೇ ಎಂದು ಮೇನ್ ಆಫ್ ಮಾಡಿಸಿಯೇ ನೋಡಿ. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಕೇಳಿ. ಗೇಟಿನಿಂದ ಲಿಫ್ಟಿನವರೆಗೆ ಒಂದು ಮೆಟ್ಟಿಲಿದ್ದರೂ ಇಳಿಜಾರು ಮಾಡಿಸಿಕೊಂಡೇ ಮುಂಗಡ ಕೊಡಿ.

ಪ್ರಶ್ನೆ: ನಮ್ಮ ಮನ್ಯಾಗ ದಿನಾ ಜೋಳದ ರೊಟ್ಟಿ. ಓಪನ್ ಕಿಚನ್ ಇರೋ ಫ್ಲಾಟ್ ನೋಡೀವಿ, ಬಾಗಿಲಾನೇ ಇಲ್ಲ. ಹೆಂಗ್ರಿ?
— ಗೃಹಿಣಿ, ಬಿದ್ದಾಪುರ ಕಾಲೊನಿ

ಉತ್ತರ: ಕಷ್ಟ. ಹಿಟ್ಟಿನ ಧೂಳು, ಹಂಚಿನ ಹೊಗೆ, ಶೇಂಗಾ ಹುರಿದ ವಾಸನೆ ಎಲ್ಲ ಸೋಫಾಕ್ಕೆ. ಗಾಜಿನ ಸರಿಸುವ ಬಾಗಿಲು ಹಾಕಿಸಲು ಮಾಲೀಕರನ್ನು ಕೇಳಿ. ಚಿಮಣಿಗೆ ಹೊರಗೆ ಹೋಗುವ ಆರು ಅಂಗುಲದ ಪೈಪು ಇರಲೇಬೇಕು. ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಚಿಮಣಿ ರೊಟ್ಟಿ ಮನೆಗೆ ಆಗಿಬರದು. ಪೈಪಿನಲ್ಲಿ ಎರಡಕ್ಕಿಂತ ಹೆಚ್ಚು ತಿರುವು ಬೇಡ. ಕೂತು ಬಡಿಯುವವರಾದರೆ ಒಲೆ ಇಡಲು ಹಿಂದಿನ ಯುಟಿಲಿಟಿಯಲ್ಲಿ 4×5 ಅಡಿ ಜಾಗ, ಗ್ಯಾಸಿನ ಇನ್ನೊಂದು ಪಾಯಿಂಟ್ ಇದೆಯೇ ನೋಡಿ. ನಿಂತು ಬಡಿಯುವವರಿಗೆ ಕಟ್ಟೆ 32 ಅಂಗುಲ ಮೀರಬಾರದು, ಭುಜ ಹಿಡಿಯುತ್ತದೆ. ಕಟ್ಟೆಯ ಕಲ್ಲಿನ ಕೆಳಗೆ ಆಧಾರ ಇದೆಯೇ ಎಂದು ಒಮ್ಮೆ ಬಗ್ಗಿ ನೋಡಿ. ಬರೀ ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂರಿಸಿದ ಗ್ರಾನೈಟು ದಿನಾ ಇಪ್ಪತ್ತು ರೊಟ್ಟಿಯ ಪೆಟ್ಟು ತಾಳದೆ ಸಿಂಕಿನ ಮೂಲೆಯಲ್ಲಿ ಬಿರಿಯುತ್ತದೆ.